ಅರ್ಥ ಇರುವುದು ಪದದಲ್ಲೋ, ಮಾತುಕತೆಯಲ್ಲೋ?

'ಸೂರ್ಯ ಮುಳುಗಿದ.' ಇಷ್ಟೇ ಮಾತು. 11ನೇ ಶತಮಾನದ ಕಾಶ್ಮೀರದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ಇದನ್ನೇ ಇಟ್ಟುಕೊಂಡು ಒಂದು ಆಟ ಆಡುತ್ತಾನೆ. ಯುದ್ಧಕ್ಕೆ ಕಾದು ಕೂತವನಿಗೆ ಇದು 'ದಾಳಿಗೆ ಹೊತ್ತಾಯ್ತು' ಅಂತ ಕೇಳಿಸುತ್ತದೆ. ದನ ಕಾಯುವವನಿಗೆ 'ಹಟ್ಟಿಗೆ ಹೊಡ್ಕೊಂಡು ಬಾ', ದುಡಿಯುವವನಿಗೆ 'ಇವತ್ತಿಗೆ ಸಾಕು' ಅಂತ. ಪದ ಅದೇ, ವ್ಯಾಕರಣ ಅದೇ. ಹಾಗಾದರೆ ಈ ಅರ್ಥಗಳೆಲ್ಲ ಬಂದದ್ದು ಎಲ್ಲಿಂದ?

ಪದಕ್ಕೆ ಅರ್ಥ ಅಂಟಿಕೊಂಡಿರುತ್ತದೆ, ನಿಘಂಟು ತೆರೆದರೆ ಸಿಗುತ್ತದೆ ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ವೇದವಾಕ್ಯಗಳ ಅರ್ಥ ಬಿಡಿಸುತ್ತಿದ್ದ ಮೀಮಾಂಸಕರು ಇದನ್ನು ಬಹಳ ಹಿಂದೆಯೇ ಜಗ್ಗಾಡಿದ್ದರು. ಮೊದಲು ಒಂದೊಂದು ಪದದ ಅರ್ಥ ತಿಳಿಯುತ್ತದೆ, ಆಮೇಲೆ ಅವು ಕೂಡಿ ವಾಕ್ಯದ ಅರ್ಥವಾಗುತ್ತದೆ ಎಂದರು ಕುಮಾರಿಲ ಭಟ್ಟರ ಕಡೆಯವರು. ಪ್ರಭಾಕರರ ಕಡೆಯವರು ಒಪ್ಪಲಿಲ್ಲ. ಪದ ಅರ್ಥ ಕೊಡುವುದೇ ಬೇರೆ ಪದಗಳ ಜೊತೆ ಸೇರಿದಾಗ ಎಂದರು. ಅವರು ಕೊಟ್ಟ ಉದಾಹರಣೆ ಮಗುವಿನದು. ಒಬ್ಬ ಹಿರಿಯ 'ಹಸು ತಾ' ಅನ್ನುತ್ತಾನೆ, ಇನ್ನೊಬ್ಬ ಹೋಗಿ ತರುತ್ತಾನೆ. ಮುಂದೆ 'ಹಸು ಕಟ್ಟು', 'ಕುದುರೆ ತಾ' ಅನ್ನುವುದೂ ಕಿವಿಗೆ ಬೀಳುತ್ತದೆ. ಮಗು ನೋಡ್ತಾ ನೋಡ್ತಾ ಬಿಡಿ ಪದಗಳನ್ನು ಬಿಡಿಸಿಕೊಳ್ಳುತ್ತದೆ. ಯಾರೂ ಅದಕ್ಕೆ ಪದಪಟ್ಟಿ ಕೊಡುವುದಿಲ್ಲ ಅಲ್ವಾ?

9ನೇ ಶತಮಾನದಲ್ಲಿ ಕಾವ್ಯಚಿಂತಕ ಆನಂದವರ್ಧನ ಇನ್ನೊಂದು ಹೆಜ್ಜೆ ಮುಂದಿಟ್ಟ. ನೇರ ಅರ್ಥ ಕೊಡುವ ಅಭಿಧೆ, ನೇರ ಅರ್ಥ ಹೊಂದದಿದ್ದಾಗ ಬರುವ ಲಕ್ಷಣೆ, ಇವೆರಡೂ ಸಾಲದು. ಹೇಳದೆಯೇ ಹೊಳೆಯುವ ವ್ಯಂಜನೆಯೂ ಬೇಕು ಎಂದ. ಮಮ್ಮಟನ ಸೂರ್ಯ ಮುಳುಗುವುದು ಈ ದಾರಿಯಲ್ಲೇ. ಆದರೆ ಇವರ ಕಣ್ಣಿದ್ದದ್ದು ಕಾವ್ಯದ ಮೇಲೆ. ದಿನನಿತ್ಯದ ಹರಟೆಯನ್ನೇ ಎತ್ತಿಕೊಂಡು ಯಾರೂ ಕೂರಲಿಲ್ಲ.

ಯುರೋಪಿನಲ್ಲಿ ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ 1892ರಲ್ಲಿ ಬೆಳ್ಳಿಚುಕ್ಕಿಯ ಉದಾಹರಣೆ ಕೊಟ್ಟ. ಮುಂಜಾನೆಯ ನಕ್ಷತ್ರ, ಸಂಜೆಯ ನಕ್ಷತ್ರ ಎರಡೂ ಶುಕ್ರಗ್ರಹವೇ. ಆದರೂ ಎರಡು ಹೆಸರುಗಳು ಒಂದೇ ವಿಷಯವನ್ನು ತಿಳಿಸುವುದಿಲ್ಲ. ಜಿನೀವಾದ ಭಾಷಾವಿಜ್ಞಾನಿ ಸಸ್ಯೂರ್ ತೀರಿಕೊಂಡ ಮೇಲೆ, 1916ರಲ್ಲಿ, ಅವನ ಪಾಠಗಳು ಪುಸ್ತಕವಾಗಿ ಬಂದವು. ಭಾಷೆಯ ವ್ಯವಸ್ಥೆ ಬೇರೆ, ಜನ ಆಡುವ ಮಾತು ಬೇರೆ ಎಂದು ಅವನು ಗೆರೆ ಎಳೆದ. ಭಾಷಾವಿಜ್ಞಾನದ ನಡುವೆ ಕೂತದ್ದು ವ್ಯವಸ್ಥೆ. ಆಡುವ ಮಾತು ಅಂಗಳದಲ್ಲೇ ಉಳಿಯಿತು. 1965ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಚಾಮ್‌ಸ್ಕಿ ಕೂಡ ತೊದಲು, ಮರೆವು, ತಪ್ಪುಗಳೆಲ್ಲ ತುಂಬಿದ ಬಳಕೆಯನ್ನು ಬದಿಗಿಟ್ಟ. ವ್ಯಾಕರಣಕ್ಕೆ ಇದರಿಂದ ಲಾಭವಾಯಿತು ನಿಜ. ಅರ್ಥದ ಮಟ್ಟಿಗೆ ನಷ್ಟವೇ ಜಾಸ್ತಿ ಅಂತ ನನ್ನ ಲೆಕ್ಕ.

ಅಂಗಳದ ಕಡೆ ತಿರುಗಿ ನೋಡಿದವರು ಭಾಷಾವಿಜ್ಞಾನಿಗಳಲ್ಲ, ತತ್ವಶಾಸ್ತ್ರದವರು. ಆಕ್ಸ್‌ಫರ್ಡಿನ ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಟ್ಟ. 'ಮಾತು ಕೊಡ್ತೇನೆ' ಅಂದಾಗ ನಾವು ಏನನ್ನೋ ವರ್ಣಿಸುತ್ತಿಲ್ಲ, ಆ ಕೆಲಸವನ್ನೇ ಮಾಡುತ್ತಿದ್ದೇವೆ ಎಂದು ತೋರಿಸಿದ. 1967ರಲ್ಲಿ ಅದೇ ಉಪನ್ಯಾಸಮಾಲೆಯಲ್ಲಿ ಗ್ರೈಸ್ ಮಾತಾಡಿದ. ಅವನ ಉದಾಹರಣೆ ಮಜವಾಗಿದೆ. ತತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನಿಗೆ ಗುರು ಶಿಫಾರಸು ಪತ್ರ ಬರೆಯುತ್ತಾನೆ: 'ಇವನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ.' ಅಷ್ಟೇ. ಒಂದು ಕೆಟ್ಟ ಪದವಿಲ್ಲ, ಆದರೂ ಕೆಲಸ ಸಿಗುವುದಿಲ್ಲ. ಗ್ರೈಸ್ ಹೇಳುವ ನಿಯಮಗಳು ಇವು: ಬೇಕಾದಷ್ಟು ಹೇಳು, ನಿಜ ಹೇಳು, ವಿಷಯಕ್ಕೆ ತಕ್ಕುದು ಹೇಳು, ಸ್ಪಷ್ಟವಾಗಿ ಹೇಳು. ಎದುರಿನವರು ಹೀಗೆ ಮಾತಾಡುತ್ತಿದ್ದಾರೆ ಅಂತ ನಂಬಿಕೊಂಡೇ ನಾವು ಕೇಳುತ್ತೇವೆ. ಅವರು ಅದನ್ನು ಬೇಕೆಂದೇ ಮುರಿದರೆ, ಹೇಳದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಎಲ್ಲ ಕಡೆ ಇದೇ ನಿಯಮ ಅಂತಲೂ ಅಲ್ಲ. ಮಡಗಾಸ್ಕರಿನ ಹಳ್ಳಿಯೊಂದರಲ್ಲಿ ಜನ ಗೊತ್ತಿರುವುದನ್ನೂ ಪೂರ್ತಿ ಹೇಳದಿರುವುದು ಮಾಮೂಲು ಎಂದು ಮಾನವಶಾಸ್ತ್ರಜ್ಞೆ ಎಲಿನೋರ್ ಓಕ್ಸ್ ಕೀನನ್ 1976ರಲ್ಲಿ ಬರೆದರು.

ಇಷ್ಟಾದರೂ ಆಸ್ಟಿನ್, ಗ್ರೈಸ್ ಅವರ ಹೆಚ್ಚಿನ ಉದಾಹರಣೆಗಳು ಕುರ್ಚಿಯಲ್ಲಿ ಕೂತು ಕಟ್ಟಿದವು. ನಿಜವಾದ ಮಾತು ಕೈಗೆ ಸಿಕ್ಕಿದ್ದು ಟೇಪ್ ರೆಕಾರ್ಡರ್ ಬಂದ ಮೇಲೆ. ಅಮೆರಿಕದ ಸಮಾಜಶಾಸ್ತ್ರಜ್ಞ ಹಾರ್ವಿ ಸ್ಯಾಕ್ಸ್ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗೆ ನೆರವಾಗುವ ಕೇಂದ್ರಕ್ಕೆ ಬಂದ ಫೋನ್ ಕರೆಗಳನ್ನು ಕೇಳುತ್ತಿದ್ದ. ಕೇಂದ್ರದವರು ತಮ್ಮ ಹೆಸರು ಹೇಳಿದರೆ, ಕರೆ ಮಾಡಿದವರೂ ಸಾಮಾನ್ಯವಾಗಿ ತಮ್ಮ ಹೆಸರು ಹೇಳುತ್ತಿದ್ದರು. ಒಬ್ಬರು ಮಾತ್ರ 'ನಿಮ್ಮ ಮಾತು ಕೇಳಿಸ್ತಿಲ್ಲ' ಅಂದರು. ಕೇಂದ್ರದವರು ಮತ್ತೆ ಹೆಸರು ಹೇಳಿದರು. ಕರೆ ಮುಂದುವರಿಯಿತು, ಹೆಸರು ಹೇಳಬೇಕಾದ ಸರದಿ ಸದ್ದಿಲ್ಲದೆ ಜಾರಿಹೋಯಿತು. ಲೈನ್ ಕೆಟ್ಟಿತ್ತೋ ಏನೋ, ಬಿಡಿ. ಸ್ಯಾಕ್ಸ್ ಹಿಡಿದದ್ದು ಆ ಮಾತು ಬಂದ ಜಾಗವನ್ನು. ಅದೇ ವಾಕ್ಯ ಬೇರೆ ಕಡೆ ಬಂದಿದ್ದರೆ ಸುಮ್ನೆ ಒಂದು ದೂರು ಅಷ್ಟೇ.

1974ರಲ್ಲಿ ಸ್ಯಾಕ್ಸ್, ಅವನ ಜೊತೆ ಕೆಲಸ ಮಾಡಿದ ಶೆಗ್ಲಾಫ್, ಜೆಫರ್ಸನ್ ಮೂವರೂ ಸೇರಿ ಮಾತಿನ ಸರದಿಯ ನಿಯಮಗಳನ್ನು ಬರೆದರು. ಯಾರು ಯಾವಾಗ ಮಾತಾಡಬೇಕು ಅಂತ ಮೊದಲೇ ಯಾರೂ ಗೊತ್ತುಮಾಡಿರುವುದಿಲ್ಲ, ಆದರೂ ಜಾಸ್ತಿ ಹೊತ್ತು ಮಾತಾಡುವವರು ಒಬ್ಬರೇ. ಮರುವರ್ಷವೇ ಸ್ಯಾಕ್ಸ್ ಅಪಘಾತದಲ್ಲಿ ತೀರಿಕೊಂಡ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದವರಿಗೆ, ಹೌದು-ಇಲ್ಲ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸಿಕ್ಕಿತು. ಜಪಾನಿಯವರು ಇನ್ನೂ ಬೇಗ, ಡೇನಿಶ್‌ನವರು ತುಸು ನಿಧಾನ. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ ನಮಗೆ ಸುಮಾರು 600 ಮಿಲಿಸೆಕೆಂಡು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಅವರ ಅರ್ಥವನ್ನು ಊಹಿಸಿ, ಉತ್ತರ ಕಟ್ಟಲು ಶುರುಮಾಡಿರುತ್ತೇವೆ.