ಪಿತ್ತಕೋಶ ತೆಗೆದರೆ ಪಿತ್ತರಸವೂ ಹೋಗುತ್ತದೆಯೇ?

ಪ್ರಶ್ನೆ: ಕಲ್ಲುಗಳಾಗಿದ್ದರಿಂದ ಪಿತ್ತಕೋಶವನ್ನು ತೆಗೆಸಿಕೊಂಡು ಮೂರು ತಿಂಗಳಾಯಿತು. ಇನ್ನು ನನಗೆ ಪಿತ್ತರಸವೇ ಇರುವುದಿಲ್ಲವೇ? ತುಪ್ಪ, ಕರಿದ ತಿಂಡಿ ಪೂರ್ತಿ ಬಿಡಬೇಕೇ? ಚಯಾಪಚಯ ಕೆಟ್ಟು ತೂಕ ಏರುತ್ತದೆ ಎಂದೂ ಕೆಲವರು ಹೆದರಿಸುತ್ತಿದ್ದಾರೆ.

ಉತ್ತರ: ಮೊದಲ ಪ್ರಶ್ನೆಯ ಉತ್ತರ ಕನ್ನಡದ ಎರಡು ಪದಗಳಲ್ಲೇ ಇದೆ. ಯಕೃತ್ತನ್ನು ನಾವು ಪಿತ್ತಜನಕಾಂಗ ಎನ್ನುತ್ತೇವೆ, ಅಂದರೆ ಪಿತ್ತವನ್ನು ಹುಟ್ಟಿಸುವ ಅಂಗ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಮೀನು ಕೊಯ್ಯುವವರು ಒಡೆಯದಂತೆ ಜೋಪಾನವಾಗಿ ಕಿತ್ತೆಸೆಯುವ ಕಹಿ ಚೀಲವೂ ಇದೇ. ನಮ್ಮ ಚೀಲದಲ್ಲಿ ಹಿಡಿಸುವುದು ಸುಮಾರು 30ರಿಂದ 50 ಮಿಲಿಲೀಟರ್; ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ಪಿತ್ತರಸವನ್ನು ಸ್ರವಿಸುತ್ತದೆ. ಚೀಲ ಹೋದ ಮೇಲೂ ಸ್ರಾವ ನಿಲ್ಲುವುದಿಲ್ಲ. ಊಟದ ಹೊತ್ತಿಗೆ ಒಮ್ಮೆಲೇ ಸುರಿಯುತ್ತಿದ್ದುದು ಈಗ ದಿನವಿಡೀ ತೊಟ್ಟಿಕ್ಕುತ್ತದೆ, ಅಷ್ಟೇ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಒಳಗಿಳಿಯಬೇಕು. ಪಿತ್ತರಸದ ಜೀವಾಳವೆಂದರೆ ಪಿತ್ತಾಮ್ಲಗಳು. ಯಕೃತ್ತು ಇವನ್ನು ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ. ಸಾಬೂನು ಪಾತ್ರೆಯ ಜಿಡ್ಡನ್ನು ಬಿಡಿಸುವಂತೆ ಇವು ಊಟದ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ. ಆಶ್ಚರ್ಯವೆಂದರೆ, ದೇಹದಲ್ಲಿರುವ ಒಟ್ಟು ಪಿತ್ತಾಮ್ಲ ಮೂರು ಗ್ರಾಂ ಆಸುಪಾಸಿನದು. ಅಷ್ಟರಿಂದಲೇ ಇಡೀ ದಿನದ ಕೆಲಸ ನಡೆಯುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವು ಶೇಕಡ 95ರಷ್ಟನ್ನು ಹೀರಿ ರಕ್ತದ ಮೂಲಕ ಯಕೃತ್ತಿಗೆ ಹಿಂದಿರುಗಿಸುತ್ತದೆ. ಹೀಗೆ ಅದೇ ಪಿತ್ತಾಮ್ಲ ದಿನಕ್ಕೆ ಆರೆಂಟು ಸುತ್ತು ಹೊಡೆಯುತ್ತದೆ. ಮಲದಲ್ಲಿ ಹೋಗುವ ಅರ್ಧ ಗ್ರಾಂನಷ್ಟನ್ನು ಮಾತ್ರ ಹೊಸದಾಗಿ ಮಾಡಿದರೆ ಸಾಕು.

ಆದರೆ ಎಷ್ಟು ಮಾಡಬೇಕೆಂದು ಯಕೃತ್ತಿಗೆ ಗೊತ್ತಾಗುವುದು ಹೇಗೆ? ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ. ಪಿತ್ತಾಮ್ಲಗಳ ರಚನೆಯನ್ನು ಕುರಿತ ಸಂಶೋಧನೆಗಾಗಿ ಜರ್ಮನಿಯ ಹೈನ್ರಿಕ್ ವೀಲಾಂಡ್ ಅವರಿಗೆ 1927ರ ರಸಾಯನಶಾಸ್ತ್ರದ ನೊಬೆಲ್ ಸಂದಿತ್ತು. ಆದರೂ ಇವು ಸಂದೇಶವಾಹಕಗಳೆಂಬುದು ಖಚಿತವಾಗಲು 1999 ಬರಬೇಕಾಯಿತು. ಎಫ್‌ಎಕ್ಸ್‌ಆರ್ ಎಂಬ, ಜೀವಕೋಶದ ಕೇಂದ್ರದಲ್ಲಿರುವ ಗ್ರಾಹಕಕ್ಕೆ (ಅಂದರೆ ಸಂದೇಶವನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಪಿತ್ತಾಮ್ಲವೇ ಕೀಲಿಕೈ ಎಂದು ಆ ವರ್ಷ ಮೂರು ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ಕೆರೆಯ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ಕೊನೆಯ ಗದ್ದೆಗೆ ನೀರು ಮುಟ್ಟಿತೆಂಬ ಸುದ್ದಿ ಬಂದ ಮೇಲೆಯೇ ಅವನು ತೂಬು ಮುಚ್ಚುವುದು. ಇಲ್ಲಿ ಕೊನೆಯ ಗದ್ದೆ ಸಣ್ಣ ಕರುಳಿನ ತುದಿ. ಪಿತ್ತಾಮ್ಲ ಅಲ್ಲಿನ ಜೀವಕೋಶಗಳನ್ನು ಹೊಕ್ಕು ಎಫ್‌ಎಕ್ಸ್‌ಆರ್‌ಗೆ ಅಂಟಿಕೊಂಡಾಗ, ಎಫ್‌ಜಿಎಫ್19 ಎಂಬ ಹಾರ್ಮೋನ್ ಹೊರಟು ಯಕೃತ್ತನ್ನು ಸೇರುತ್ತದೆ. ಹೊಸ ಪಿತ್ತಾಮ್ಲದ ತಯಾರಿಕೆ ಆಗ ತಗ್ಗುತ್ತದೆ. ಜೊತೆಗೇ, ಊಟದಿಂದ ಬಂದ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುವಂತೆಯೂ ಯಕೃತ್ತಿಗೆ ಸೂಚನೆ ಹೋಗುತ್ತದೆ. ಊಟ ಮುಗಿಯಿತು, ಇನ್ನು ದಾಸ್ತಾನಿನ ಕೆಲಸ ನೋಡು ಎಂದಂತೆ.

ಟಿಜಿಆರ್5 ಎಂಬುದು ಇನ್ನೊಂದು ಗ್ರಾಹಕ; ಇದು ಜೀವಕೋಶದ ಹೊರಪದರದಲ್ಲಿರುತ್ತದೆ. ಕರುಳಿನಲ್ಲಿ ಇದು ಚುರುಕಾದರೆ ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುಗಡೆಯಾಗಿ ಇನ್ಸುಲಿನ್‌ಗೆ ಒತ್ತಾಸೆ ಸಿಗುತ್ತದೆ. ಈಗ ಬಹುಚರ್ಚಿತವಾಗಿರುವ ಮಧುಮೇಹ ಮತ್ತು ತೂಕ ಇಳಿಕೆಯ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಹಾರ್ಮೋನನ್ನು. ಇಲಿಗಳ ಕಂದು ಕೊಬ್ಬಿನಲ್ಲಿ (ಶಕ್ತಿಯನ್ನು ಸುಟ್ಟು ಶಾಖ ಕೊಡುವ ಕೊಬ್ಬು) ಟಿಜಿಆರ್5 ಶಕ್ತಿಯ ವ್ಯಯವನ್ನು ಹೆಚ್ಚಿಸುತ್ತದೆಂದು 2006ರಲ್ಲಿ ವರದಿಯಾಯಿತು. ಇಲಿಯಲ್ಲಿ ಕಂಡದ್ದನ್ನು ನಮ್ಮ ಸೊಂಟದ ಸುತ್ತಳತೆಗೆ ನೇರವಾಗಿ ಅನ್ವಯಿಸಬಾರದು. ಪಿತ್ತರಸದ ಹೆಸರಿನಲ್ಲಿ ತೂಕ ಇಳಿಸುವ ಪುಡಿ ಮಾರುವವರನ್ನು ದಯವಿಟ್ಟು ನಂಬಬೇಡಿ.

ತೂಬಿನ ಈ ಲೆಕ್ಕಾಚಾರ ಮನುಷ್ಯರಲ್ಲೂ ಸತ್ಯವೆಂದು ಎರಡು ಔಷಧಿಗಳು ತೋರಿಸಿಕೊಟ್ಟಿವೆ. ಕೊಲೆಸ್ಟಿರಮೈನ್ ಪುಡಿ ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಕೊರತೆ ತುಂಬಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲನ್ನು ಎಳೆದುಕೊಳ್ಳುವುದರಿಂದ ಅದರ ಮಟ್ಟ ಇಳಿಯುತ್ತದೆ. ಇಸಬಗೋಲು, ಓಟ್ಸ್‌ಗಳ ಲೋಳೆನಾರು ಇದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ಯಕೃತ್ತಿನ ಒಂದು ರೋಗಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದ್ದ ಒಬೆಟಿಕೋಲಿಕ್ ಆಮ್ಲ ಎಫ್‌ಎಕ್ಸ್‌ಆರ್ ಅನ್ನು ಬಲವಾಗಿ ಪ್ರಚೋದಿಸುತ್ತದೆ. ತೂಬು ಮುಚ್ಚುತ್ತದೆ, ಕೊಲೆಸ್ಟರಾಲ್ ಖರ್ಚಾಗದೆ ಉಳಿಯುತ್ತದೆ. ಅದನ್ನು ತೆಗೆದುಕೊಂಡ ಅನೇಕರಲ್ಲಿ ಎಲ್‌ಡಿಎಲ್ ಏರಿತು, ಮೈ ತುರಿಕೆಯೂ ಕಾಡಿತು. ಒಂದು ಗ್ರಾಹಕವನ್ನು ಮುಟ್ಟಿದರೆ ಎಷ್ಟು ಕಡೆ ಅಲುಗಾಡುತ್ತದೆ ನೋಡಿ.

ಇನ್ನು ನಿಮ್ಮ ತೂಕದ ಮಾತು. ನಿಮ್ಮ ಯಕೃತ್ತು, ಕರುಳು, ಗ್ರಾಹಕಗಳು ಎಲ್ಲವೂ ಇದ್ದಲ್ಲೇ ಇವೆ. ಸಂದೇಶದ ವೇಳಾಪಟ್ಟಿ ಬದಲಾಗಿದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಯಕೃತ್ತಿನ ಕೊಬ್ಬು ತುಸು ಹೆಚ್ಚು ಕಾಣುತ್ತದೆಂದು ಕೆಲವು ಅಧ್ಯಯನಗಳು ಹೇಳಿವೆ ನಿಜ. ಆದರೆ ಪಿತ್ತದ ಕಲ್ಲು ಬೊಜ್ಜು, ಮಧುಮೇಹದ ಜೊತೆಗೇ ಹೆಚ್ಚಾಗಿ ಬರುವುದರಿಂದ ದೋಷವನ್ನೆಲ್ಲ ಶಸ್ತ್ರಚಿಕಿತ್ಸೆಯ ತಲೆಗೆ ಕಟ್ಟಲಾಗದು. ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ.

ಅನ್ನಕ್ಕೆ ಒಂದು ಚಮಚ ತುಪ್ಪ ಧಾರಾಳವಾಗಿ ಹಾಕಿಕೊಳ್ಳಿ. ಒಂದೇ ಕೂತಿಗೆ ನಾಲ್ಕು ಪೂರಿ ಬೇಡ, ಕೊಬ್ಬನ್ನು ದಿನದ ಊಟಗಳಿಗೆ ಹಂಚಿ. ಊಟವಾದ ಕೂಡಲೇ ನೀರುನೀರಾಗಿ ಭೇದಿಯಾಗುವುದು ವಾರಗಟ್ಟಲೆ ಮುಂದುವರಿದರೆ, ಹೀರಿಕೆಯಾಗದ ಪಿತ್ತಾಮ್ಲ ದೊಡ್ಡ ಕರುಳನ್ನು ಕೆರಳಿಸುತ್ತಿರಬಹುದು. ವೈದ್ಯರಿಗೆ ಶಸ್ತ್ರಚಿಕಿತ್ಸೆಯ ವಿಷಯವನ್ನು ಮರೆಯದೆ ತಿಳಿಸಿ. ಮೇಲೆ ಹೇಳಿದ ಕೊಲೆಸ್ಟಿರಮೈನ್ ಪುಡಿಯನ್ನೇ ಅವರು ಬರೆದುಕೊಡಬಹುದು. ಅದು ಬೇರೆ ಮಾತ್ರೆಗಳನ್ನೂ ಹಿಡಿದಿಟ್ಟುಕೊಳ್ಳುವುದರಿಂದ, ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ನಾಲ್ಕಾರು ಗಂಟೆ ಅಂತರ ಬಿಡಬೇಕು.