ಕೂಲೆಂಟ್ ಬದಲು ಬರೀ ನೀರು ಹಾಕಿದರೆ ಸಾಲದೇ?

ಪ್ರಶ್ನೆ: ನನ್ನದು ಡೀಸೆಲ್ ಸ್ವಿಫ್ಟ್. ಐದು ವರ್ಷದಿಂದ ಕೂಲೆಂಟ್ ಬದಲಿಸಿಲ್ಲ. ಹಳೆಯದನ್ನು ತೆಗೆದು, ತೊಳೆದು, ಹೊಸದು ತುಂಬುವ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? ನಮ್ಮ ಕಡೆ ಹಿಮ ಬೀಳುವುದಿಲ್ಲವಲ್ಲ, ನೀರನ್ನೇ ಹಾಕಿದರೆ ಸಾಲದೇ?

ಮನೆಯಲ್ಲೇ ಮಾಡಬಹುದು. ನೀರು ಮಾತ್ರ ಸಾಲದು. ಈ ಎರಡನೆಯ ಮಾತನ್ನು ಎಷ್ಟು ಸಲ ಬರೆದರೂ ಬೇಸಿಗೆ ಬಂದ ಕೂಡಲೇ ಅದೇ ಪ್ರಶ್ನೆ ಮರಳಿ ಬರುತ್ತದೆ. ಈ ಸಲ ಬುಡಸಮೇತ ಕೀಳೋಣ.

ಕೂಲೆಂಟ್ ಎಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುತ್ತ ಎಂಜಿನ್ನನ್ನು ತಣಿಸುವ ದ್ರವ. ಅದರ ಡಬ್ಬಿಯ ಮೇಲೆ, ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ ಎಂದು ಅಚ್ಚಾಗಿರುವುದನ್ನು ನೋಡಿ, ಇದು ಕಾಶ್ಮೀರದವರಿಗೆ ಬೇಕಾದ ವಸ್ತು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಜೊತೆಗೆ ಅಂಬಾಸಿಡರ್ ಓಡಿಸಿದ ಹಿರಿಯರ ಅನುಭವ: 'ಕೊಳಾಯಿ ನೀರು ಹಾಕಿ ಊರೆಲ್ಲ ಸುತ್ತಿದ್ದೇವೆ.' ಸುತ್ತಿದ್ದು ನಿಜ. ಆ ಗಾಡಿಯ ಎಂಜಿನ್ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದ್ದು. ಸೋರಿದರೆ ಬೆಸುಗೆ ಹಾಕಿಸಿ ಮುಂದೆ ಹೋಗುತ್ತಿದ್ದರು. ನಿಮ್ಮ 1.3 ಲೀಟರ್ ಎಂಜಿನ್ನಿನಲ್ಲಿ ಬ್ಲಾಕ್ (ಎಂಜಿನ್ನಿನ ಮುಖ್ಯ ಭಾಗ) ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ರೇಡಿಯೇಟರಿನ ತೆಳು ನಳಿಕೆಗಳೂ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಲವಣದ ನೀರು ಓಡಾಡಿದರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳ ಕೆಲಸವೇ ಇದನ್ನು ನಿಲ್ಲಿಸುವುದು. ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ರಾಸಾಯನಿಕಗಳು ವರ್ಷಗಳಲ್ಲಿ ಖರ್ಚಾಗುತ್ತವೆ. ಬಣ್ಣ ಚೆನ್ನಾಗಿಯೇ ಕಂಡರೂ ಕೂಲೆಂಟ್ ಬದಲಿಸಬೇಕಾಗುವುದು ಅದಕ್ಕೇ.

ಇನ್ನು ಬೋರ್‌ವೆಲ್ ನೀರು. ಕೋಲಾರದ ಕಡೆಯವರಿಗೆ, ಬೆಂಗಳೂರಿನ ಹೊರವಲಯದವರಿಗೆ ಗೀಸರ್ ಕಾಯಿಲ್ ಬಿಚ್ಚಿದಾಗ ಕಾಣುವ ಬಿಳಿ ಗಟ್ಟಿ ಪದರದ ಪರಿಚಯವಿದೆ. ಎಂಜಿನ್ನಿನ ಒಳಗೆ ಕೂರುವುದೂ ಅದೇ ಪದರ. ಡೀಸೆಲ್ ಕಾರಿನಲ್ಲಿ ಹೊಗೆಯನ್ನು ತಣಿಸಿ ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ಕೂಲರ್ ಇರುವಲ್ಲಿ, ಅದರ ಸಣ್ಣ ದಾರಿಗಳಲ್ಲೂ ಇದೇ ನೀರು ಹರಿಯಬೇಕು. ಕಟ್ಟಿಕೊಂಡರೆ ರಿಪೇರಿಯ ಬಿಲ್ಲು ಹತ್ತು ಡಬ್ಬಿ ಕೂಲೆಂಟನ್ನು ಮೀರುತ್ತದೆ. ಕ್ಯಾನ್‌ನಲ್ಲಿ ಬರುವ ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಬೇಕಾದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

ಒಂದು ಅಂಶವನ್ನು ನೀರಿನ ಪಕ್ಷದವರಿಗೆ ಬಿಟ್ಟುಕೊಡುತ್ತೇನೆ: ಶಾಖ ಹೊರುವುದರಲ್ಲಿ ನೀರು ಕೂಲೆಂಟ್ ಮಿಶ್ರಣಕ್ಕಿಂತ ಮೇಲು. ಆದರೆ ನೀರು 100 ಡಿಗ್ರಿಗೆ ಕುದಿದರೆ, ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತ ನೀರು ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ಒತ್ತಡ ಎರಡನ್ನೂ ಮೇಲಕ್ಕೇರಿಸುತ್ತದೆ, ಅಂತರ ಉಳಿದೇ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಐದು ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿ, ಎರಡನೇ ಗೇರಿನಲ್ಲಿ ಚಾರ್ಮಾಡಿ ಹತ್ತುವಾಗ ಬೇಕಾಗುವುದು ಈ ಅಂತರವೇ. ಹೆಡ್ಡಿನ ಸುತ್ತ ನೀರು ಆವಿಯಾಗಿ ನಿಂತ ಕಡೆ ಲೋಹ ತಣಿಯುವುದಿಲ್ಲ. ಹೆಡ್ ಬಾಗುತ್ತದೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ.

ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಮುಚ್ಚಳ ತೆರೆದರೆ ಮುಖ ಸುಡುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರಿನ ಕೆಳಗಿನ ನಲ್ಲಿ ಅಥವಾ ಕೆಳ ಹೋಸ್ ಬಿಚ್ಚಿ ಹಳೆಯದನ್ನು ಬಕೆಟ್ಟಿಗೆ ಹಿಡಿಯಿರಿ. ಇದು ವಿಷ, ರುಚಿ ಸಿಹಿ. ಚರಂಡಿಗೆ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ. ಡಿಸ್ಟಿಲ್ಡ್ ವಾಟರ್ ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದದ್ದು ಗೊತ್ತಾಗುವುದು ಹಾಗೆ. ತಣಿಸಿ, ಖಾಲಿ ಮಾಡಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ.

ಇಲ್ಲೊಂದು ಲೆಕ್ಕ ಬಹಳ ಜನಕ್ಕೆ ತಪ್ಪುತ್ತದೆ. ಎಷ್ಟೇ ಖಾಲಿ ಮಾಡಿದರೂ ಬ್ಲಾಕ್ ಮತ್ತು ಹೀಟರಿನೊಳಗೆ ನೀರು ಉಳಿದಿರುತ್ತದೆ. ಉದಾಹರಣೆಗೆ, ಒಟ್ಟು 6 ಲೀಟರ್ ಹಿಡಿಯುವ ವ್ಯವಸ್ಥೆಯಿಂದ 4 ಲೀಟರ್ ಮಾತ್ರ ಹೊರಬಂತು ಎನ್ನಿ. ಆಗ ಮೊದಲೇ ಬೆರೆಸಿಟ್ಟ ಕೂಲೆಂಟ್ ಸುರಿದರೆ ಒಳಗಿನ 2 ಲೀಟರ್ ನೀರು ಅದನ್ನು ತೆಳ್ಳಗಾಗಿಸುತ್ತದೆ. ಬೆರೆಸದ ಗಟ್ಟಿ ಕೂಲೆಂಟ್ 3 ಲೀಟರ್ ಮೊದಲು ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿದರೆ ಅರ್ಧಕ್ಕರ್ಧ ಸರಿಯಾಗಿ ಕೂರುತ್ತದೆ. ಎಷ್ಟು ಹಿಡಿಯುತ್ತದೆ, ಯಾವ ದರ್ಜೆಯ ಕೂಲೆಂಟ್ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ.

ತುಂಬಿದ ಮೇಲೆ ಹೋಸ್ ಹಿಸುಕುತ್ತ ಗಾಳಿ ಬಿಡಿಸಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಲಿ. ಹೀಟರಿನಿಂದ ಬಿಸಿ ಗಾಳಿ ಬಾರದಿದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ತಣಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುವ ಅಭ್ಯಾಸ ಇನ್ನೂ ಇದೆ. ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಸಣ್ಣ ರಂಧ್ರ ತಾತ್ಕಾಲಿಕವಾಗಿ ಮುಚ್ಚಿಕೊಳ್ಳಬಹುದು. ಆದರೆ ಪುಡಿಗೆ ಯಾವುದು ರಂಧ್ರ, ಯಾವುದು ನಳಿಕೆ ಎಂದು ಗೊತ್ತಾಗುವುದಿಲ್ಲ. ಹೀಟರಿನ ದಾರಿಯಲ್ಲಿ ಅದು ಕೆಸರಾಗಿ ಕೂತರೆ ತೊಳೆದು ತೆಗೆಯುವುದು ಬಹಳ ಕಷ್ಟ. ಕೂಲೆಂಟ್ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿ. ಹೊರಗೆ ಎಲ್ಲೂ ಒದ್ದೆಯಿಲ್ಲದೆ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮತ್ತು ಇಜಿಆರ್ ಕೂಲರ್ ಎರಡನ್ನೂ ತಪಾಸಣೆ ಮಾಡಲು ಹೇಳಿ.