ಜಲದುರ್ಗ: ಸುತ್ತ ನೀರು ನಿಂತರೆ ಸಾಲದು

ಮಳೆಗಾಲ ಬಂದರೆ ಬೆಂಗಳೂರಿನ ಯಾವುದಾದರೊಂದು ಲೇಔಟ್ ಮುಳುಗುತ್ತದೆ, ಯಾರಾದರೊಬ್ಬರು ಅದನ್ನು ‘ಜಲದುರ್ಗ’ ಎನ್ನುತ್ತಾರೆ. ಬೇಸ್‌ಮೆಂಟಿನಲ್ಲಿ ಕಾರು ತೇಲಿದರೆ ಅದು ಜಲಾವೃತ, ಅಷ್ಟೆ. ಇಷ್ಟು ವರ್ಷ ನಕ್ಕು ಸುಮ್ಮನಾಗಿದ್ದೆ. ಮೊನ್ನೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕುರಿತ ಕನ್ನಡ ವಿಡಿಯೊವೊಂದರಲ್ಲಿ ಮಿಸಿಸಿಪ್ಪಿ ನದಿಯ ದಡದ ವಿಕ್ಸ್‌ಬರ್ಗ್ ಊರನ್ನು ‘ಮಿಸಿಸಿಪ್ಪಿಯ ಜಲದುರ್ಗ’ ಎಂದದ್ದು ಕೇಳಿ ತಡೆಯಲಾಗಲಿಲ್ಲ. (ಸಿವಿಲ್ ವಾರ್ ಅಲ್ಲಿ ‘ನಾಗರಿಕ ಯುದ್ಧ’ವೂ ಆಗಿತ್ತು. ಆ ಜಗಳ ಇನ್ನೊಂದು ದಿನಕ್ಕಿರಲಿ.)

ದುರ್ಗ ಅಂದರೆ ಗೋಡೆಯಲ್ಲ. ‘ದುರ್’ ಎಂದರೆ ಕಷ್ಟ, ‘ಗ’ ಬಂದದ್ದು ಹೋಗುವುದು ಎಂಬ ಅರ್ಥದ ‘ಗಮ್’ ಧಾತುವಿನಿಂದ. ಹೋಗಲು ಕಷ್ಟವಾದದ್ದು ದುರ್ಗ; ‘ದುರ್ಗಮ’ ಅದರ ಒಡಹುಟ್ಟು. ಅದಕ್ಕೇ ಕೌಟಿಲ್ಯನ ಪಟ್ಟಿಯಲ್ಲಿ ಬೆಟ್ಟ, ಕಾಡು, ನೀರಿನ ಜೊತೆ ಮರುಭೂಮಿಗೂ ಜಾಗವಿದೆ. ಮನುಸ್ಮೃತಿಯಂತೂ ‘ನೃದುರ್ಗ’ವನ್ನೂ ಸೇರಿಸುತ್ತದೆ: ಆಳುಗಳೇ ದುರ್ಗ. ಇಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ, ಹಗೆಯನ್ನು ತಡೆಯುವುದು ಯಾವುದು? ನೀರೇ ತಡೆದರೆ ಜಲದುರ್ಗ. ಕೌಟಿಲ್ಯ ಇದನ್ನು ‘ಔದಕ’ ಎಂದು ಕರೆದು ಎರಡು ಬಗೆ ಹೇಳುತ್ತಾನೆ: ನೀರಿನ ನಡುವಿನ ದ್ವೀಪ, ಇಲ್ಲವೇ ಸುತ್ತ ತಗ್ಗಿನಲ್ಲಿ ನೀರು ನಿಂತ ದಿಬ್ಬ. ಕೋಟೆಯ ಸುತ್ತ ತೋಡಿದ ಅಗಳು ಇದಲ್ಲ. ಅಗಳೊಂದರಿಂದಲೇ ಜಲದುರ್ಗ ಆಗುವುದಾದರೆ ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಯೂ ಜಲದುರ್ಗವೇ!

ನಿಜವಾದದ್ದು ಬೇಕೆಂದರೆ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಯ ಮೇಲಿದೆ, ಹೆಸರೇ ಜಲದುರ್ಗ. ಶ್ರೀರಂಗಪಟ್ಟಣವೂ ಹಾಗೆಯೇ, ಆದರೆ ಅಲ್ಲಿನ ಕಾವಲುಗಾರ್ತಿ ಬೇಸಿಗೆಯಲ್ಲಿ ಸೊರಗುತ್ತಾಳೆ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಪಡೆ ಕಾವೇರಿಯನ್ನು ನಡೆದೇ ದಾಟಿತು. ಹೊಳೆ ತುಂಬುವ ಮೊದಲೇ ಮುಗಿಸಬೇಕೆಂಬ ಆತುರ ಅವರಿಗಿತ್ತು.

ವಿಕ್ಸ್‌ಬರ್ಗ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಇಲ್ಲಿ ನೀರು ಕೋಟೆಯನ್ನು ಕಾಯುವುದಿಲ್ಲ, ಕೋಟೆಯೇ ನೀರನ್ನು ಕಟ್ಟಿಹಾಕುತ್ತದೆ. ದಡದ ಎತ್ತರದ ದಿಬ್ಬದ ಮೇಲೆ ಫಿರಂಗಿಗಳು, ಕೆಳಗೆ ಹಡಗುಗಳು ನಿಧಾನಿಸಲೇಬೇಕಾದ ನದಿಯ ತಿರುವು. ಇದು ಜಲದುರ್ಗಕ್ಕಿಂತ ಹೆಚ್ಚಾಗಿ ಸುಂಕದಕಟ್ಟೆ. ಮಾಗಡಿ ರಸ್ತೆಯಲ್ಲಿ ದಿನಾ ಓಡಾಡುವವರಾದರೂ ಆ ಹೆಸರಿನ ಅರ್ಥ ನೆನಪಿಸಿಕೊಳ್ಳಲಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ, ಅವನನ್ನು ಎಬ್ಬಿಸಬೇಕು. ಅಂತರ್ಯುದ್ಧದಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಎರಡು ಪಕ್ಷಗಳೂ ಬದುಕುತ್ತಿದ್ದದ್ದು ಒಂದೇ ನದಿಯ ಮೇಲೆ. ಉತ್ತರದ ರೈತರ ಧಾನ್ಯ ಸಮುದ್ರ ಸೇರುವುದು ಅದರಲ್ಲೇ. ಟೆಕ್ಸಾಸಿನ ದನ, ಲೂಸಿಯಾನದ ಉಪ್ಪು, ಸಕ್ಕರೆ ದಕ್ಷಿಣದ ಸೈನ್ಯ ಮುಟ್ಟಬೇಕಾದರೆ ದಾಟಬೇಕಾದದ್ದೂ ಅದನ್ನೇ.

ಜಲದುರ್ಗಕ್ಕೆ ಹಿತ್ತಿಲಿರುವುದಿಲ್ಲ. ವಿಕ್ಸ್‌ಬರ್ಗ್‌ಗೆ ಇತ್ತು, ಉತ್ತರದ ಸೇನಾನಿ ಗ್ರಾಂಟ್ ಬಂದದ್ದೂ ಅಲ್ಲಿಂದಲೇ. ಹಡಗುಗಳನ್ನು ರಾತ್ರಿ ಹೊತ್ತು ಫಿರಂಗಿಗಳ ಕೆಳಗೇ ನುಗ್ಗಿಸಿ, ಇನ್ನೂ ದಕ್ಷಿಣಕ್ಕೆ ಹೋಗಿ ನದಿ ದಾಟಿ, ಸುತ್ತುಬಳಸಿ ಪೂರ್ವದಿಂದ ಮುತ್ತಿಗೆ ಹಾಕಿದ. 47 ದಿನ. 1863ರ ಜುಲೈ 4ರಂದು ಸುಮಾರು 29,000 ಸೈನಿಕರು ಶರಣಾದರು. ಐದು ದಿನಕ್ಕೆ ಅದೇ ನದಿಯ ಕೆಳಗಿನ ಪೋರ್ಟ್ ಹಡ್ಸನ್ ಕೋಟೆ ಕೂಡ ಬಿತ್ತು, ದಕ್ಷಿಣದ ಒಕ್ಕೂಟ ಎರಡು ತುಂಡಾಯಿತು.

ನೀರು ಹತ್ತಿರವಿದ್ದರೆ ರಕ್ಷಣೆ ಎನ್ನುವವರು ಅದೇ ಯುದ್ಧದ ಫೋರ್ಟ್ ಹೆನ್ರಿಯನ್ನು ನೋಡಬೇಕು. ಟೆನೆಸೀ ನದಿಯ ತಗ್ಗು ದಡದಲ್ಲಿ ಕಟ್ಟಿದ್ದ ಆ ಕೋಟೆಗೆ 1862ರ ಫೆಬ್ರವರಿಯಲ್ಲಿ ಹಗೆಯ ಜೊತೆ ನೆರೆಯೂ ನುಗ್ಗಿತು. ಅದು ಜಲಾವೃತ.

ಇನ್ನು ವಿಕ್ಸ್‌ಬರ್ಗ್ ಎದುರಿನ ತಿರುವನ್ನು ತಪ್ಪಿಸಲು ಉತ್ತರದವರು ಕಾಲುವೆ ತೋಡಿ ಸೋತಿದ್ದರು. 1876ರಲ್ಲಿ ಮಿಸಿಸಿಪ್ಪಿ ತಾನಾಗಿಯೇ ಆ ಭೂಮಿಯನ್ನು ಸೀಳಿಕೊಂಡು ಬೇರೆ ದಾರಿ ಹಿಡಿಯಿತು. ದಿಬ್ಬ ಅಲ್ಲೇ ಉಳಿಯಿತು, ಕಾಯಲು ಕೆಳಗೆ ನದಿಯಿರಲಿಲ್ಲ.